ಬಿದಿರಿನ ಹೆಸರಿನ ಯುದ್ಧನೌಕೆಯನ್ನು ನಾನು ಕಟ್ಟಿದ್ದು

ಹಡಗಿನ ಎಂಜಿನ್ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದು ಬಂದವನಿಗೆ ಮನೆಯಲ್ಲಿ ಸುಮ್ಮನೆ ಕೂತಿರುವುದು ಒಗ್ಗುವುದಿಲ್ಲ. ಕೈಗೆ ಏನಾದರೂ ಬಿಚ್ಚಲು, ಜೋಡಿಸಲು ಬೇಕು. ಮನೆಯ ಮಿಕ್ಸಿ, ಫ್ಯಾನು, ನೆರೆಯವರ ವಾಟರ್ ಪಂಪು ಎಲ್ಲ ಮುಗಿದ ಮೇಲೆ ಹಡಗಿನ ಮಾದರಿ ಕಟ್ಟುವ ಗೀಳು ಹತ್ತಿಕೊಂಡಿತು. ಜಪಾನಿನ ಯಾಮಾತೊದಂಥ ದೈತ್ಯ ಯುದ್ಧನೌಕೆಯನ್ನು ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾಗಿದ್ದದ್ದು ಹೊಟ್ಟೆಯೊಳಗೆ ಕಥೆ ಇರುವ ಹಡಗು. ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು 'ತಾಕೆ', ಎರಡನೇ ಮಹಾಯುದ್ಧದ ಕಾಲದ ಜಪಾನಿನ ಒಂದು ಡೆಸ್ಟ್ರಾಯರ್, ಅಂದರೆ ಬೇರೆ ಹಡಗುಗಳಿಗೆ ಕಾವಲಾಗಿ ಓಡಾಡುವ ಸಣ್ಣ ಯುದ್ಧನೌಕೆ.

ಜಪಾನಿ ಭಾಷೆಯಲ್ಲಿ ತಾಕೆ ಎಂದರೆ ಬಿದಿರು. ಅದರ ಅಣ್ಣ 'ಮಾತ್ಸು', ಅಂದರೆ ಪೈನ್ ಮರ. ತಮ್ಮಂದಿರ ಹೆಸರುಗಳೂ ಹೀಗೆಯೇ: ಉಮೆ, ಮೊಮೊ, ಕುವಾ, ಸುಗಿ, ಎಲ್ಲ ಮರಗಳೇ. ಜಪಾನಿನ ದೊಡ್ಡ ಡೆಸ್ಟ್ರಾಯರ್‌ಗಳಿಗೆ ಗಾಳಿ, ಅಲೆ, ಹಿಮ, ಬೆಳುದಿಂಗಳು ಎಂದೆಲ್ಲ ಕವಿಗಳು ಇಟ್ಟಂಥ ಹೆಸರಿದ್ದವು. ಗಿಡಮರದ ಹೆಸರು ಎರಡನೇ ದರ್ಜೆಯವಕ್ಕೆ. ನಾವಿಕರು ಈ ಮಾತ್ಸು ವರ್ಗದ ನೌಕೆಗಳನ್ನೆಲ್ಲ ಒಟ್ಟಾಗಿ ಕುರುಚಲು ಕಾಡು ಎಂಬ ಅರ್ಥದ ಮಾತಿನಿಂದ ಆಡಿಕೊಳ್ಳುತ್ತಿದ್ದರಂತೆ. ಮಲೆನಾಡಿನಲ್ಲಿ ಬಿದಿರು ಹೂ ಬಿಟ್ಟರೆ ಬರ ಬರುತ್ತದೆ ಅನ್ನುತ್ತಾರಲ್ಲ, ಇಲ್ಲಿ ಅದು ತಿರುಗಾಮುರುಗಾ. ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಸುತ್ತಮುತ್ತ ಒಂದರ ಹಿಂದೊಂದು ಡೆಸ್ಟ್ರಾಯರ್ ಕಳೆದುಕೊಂಡು ನೌಕಾಪಡೆಗೆ ಬರ ಬಂದ ಮೇಲೆ ಹುಟ್ಟಿದ್ದು ಈ ಬಿದಿರು. ಹಳೆಯ ಮಾದರಿಯ ಒಂದು ಡೆಸ್ಟ್ರಾಯರ್ ಕಟ್ಟಲು ವರ್ಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ತಾಕೆಯ ಕೆಲಸ ಯೊಕೊಸುಕಾದ ನೌಕಾ ಕಾರ್ಖಾನೆಯಲ್ಲಿ 1943ರ ಅಕ್ಟೋಬರ್ 15ರಂದು ಶುರುವಾಗಿ, ಮುಂದಿನ ಮಾರ್ಚ್ 28ಕ್ಕೆ ಅದು ನೀರಿಗಿಳಿದು, ಜೂನ್ 16ಕ್ಕೆ ಸೇವೆಗೆ ಸೇರಿತು. ಎಂಟೇ ತಿಂಗಳು.

ನನ್ನ ಮೊದಲ ಎಡವಟ್ಟು ಹೆಸರಿನದ್ದೇ. ಸೊಗಸಾದ ಒಂದು ಫೋಟೊ ಸಿಕ್ಕಿತು, ಕೆಳಗೆ ತಾಕೆ ಎಂದೇ ಇತ್ತು, ಎರಡು ಹೊಗೆಕೊಳವೆಯೂ ಇದ್ದವು. ಅದನ್ನು ನೋಡಿಕೊಂಡು ಮೂತಿಯ ಭಾಗವನ್ನು ಹದಿನೈದು ದಿನ ಕೂತು ಕೆತ್ತಿದೆ. ಆಮೇಲೆ ತಿಳಿಯಿತು, ಅದು 1919ರಲ್ಲಿ ನೀರಿಗಿಳಿದ ಇನ್ನೊಂದು ತಾಕೆ. ಯುದ್ಧ ಶುರುವಾಗುವ ಹೊತ್ತಿಗೆ ನಿವೃತ್ತಿಯಾಗಿದ್ದ ಅಜ್ಜ. ಕೆತ್ತಿದ್ದನ್ನು ಕಸಕ್ಕೆ ಹಾಕಿದೆ. ಅಂದಿನಿಂದ ಒಂದು ನೇಮ ಇಟ್ಟುಕೊಂಡೆ: ಚಿತ್ರದಲ್ಲಿ ಮೊದಲು ತೋಪು ಎಣಿಸುವುದು, ಆಮೇಲೆ ಹೆಸರು ಓದುವುದು. ನಮ್ಮ ತಾಕೆಗೆ 12.7 ಸೆಂಟಿಮೀಟರಿನ ತೋಪು ಮೂರು, ಮುಂದೆ ಒಂಟಿ, ಹಿಂದೆ ಜೋಡಿ. ಎರಡು ಹೊಗೆಕೊಳವೆಗಳ ನಡುವೆ ನಾಲ್ಕು ಟಾರ್ಪೆಡೊಗಳನ್ನು, ಅಂದರೆ ನೀರೊಳಗೆ ಓಡಿ ಹಡಗಿಗೆ ಬಡಿಯುವ ಸಿಡಿಗುಂಡುಗಳನ್ನು, ಬಿಡುವ ಒಂದೇ ಒಂದು ಚೌಕಟ್ಟು. ಜಪಾನಿ ದಾಖಲೆ ಓದುವಾಗ ಇನ್ನೊಂದು ಲೆಕ್ಕವೂ ಬೇಕು. ಅವರು ಇಸವಿ ಬರೆಯುವುದು ಚಕ್ರವರ್ತಿಯ ಆಳ್ವಿಕೆಯ ವರ್ಷದಲ್ಲಿ. ಶೋವಾ 19 ಎಂದಿದ್ದರೆ ಅದಕ್ಕೆ 1925 ಕೂಡಿಸಬೇಕು, 1944 ಬರುತ್ತದೆ.

ಅಳತೆಗೆ ನಾನು ಆರಿಸಿಕೊಂಡದ್ದು ಇನ್ನೂರಕ್ಕೆ ಒಂದು. ನಿಜವಾದ ತಾಕೆ 100 ಮೀಟರ್ ಉದ್ದ, 9.35 ಮೀಟರ್ ಅಗಲ. ನನ್ನದು ಅರ್ಧ ಮೀಟರ್ ಉದ್ದ, ಐದು ಸೆಂಟಿಮೀಟರಿಗೂ ಕಡಿಮೆ ಅಗಲ. ಡೆಕ್ಕಿನ ಮೇಲೆ ಇಟ್ಟ ಸ್ಕೇಲೇ ಅದಕ್ಕಿಂತ ಅಗಲ ಅನ್ನಿಸುತ್ತದೆ! ಒಡಲಿಗೆ ಪ್ಲಾಸ್ಟಿಕ್ ಶೀಟ್, ಸಂದಿಗೆ ಪುಟ್ಟಿ. ತೋಪಿನ ನಳಿಕೆಗೆ ಬಹಳ ತಲೆ ಕೆಡಿಸಿಕೊಂಡೆ. ಕೊನೆಗೆ ಮೆಡಿಕಲ್ ಶಾಪಿನಲ್ಲಿ 19 ಗೇಜಿನ ಇಂಜೆಕ್ಷನ್ ಸೂಜಿ ಕೇಳಿದೆ. ಹೊರಗೆ ಒಂದು ಮಿಲಿಮೀಟರ್ ಚಿಲ್ಲರೆ, ಒಳತೂತು ಮುಕ್ಕಾಲಿಗೂ ಕಡಿಮೆ, 12.7 ಸೆಂಟಿಮೀಟರನ್ನು ಇನ್ನೂರರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ. ಅಂಗಡಿಯವನು "ಯಾರಿಗೆ ಸಾರ್ ಹುಷಾರಿಲ್ಲ?" ಅಂದ. ಟಾರ್ಪೆಡೊಗೆ ಬಾಲ್‌ಪೆನ್ನಿನ ಸಣ್ಣ ರೀಫಿಲ್ಲು. 61 ಸೆಂಟಿಮೀಟರ್ ದಪ್ಪದ ಟಾರ್ಪೆಡೊ ಈ ಅಳತೆಯಲ್ಲಿ ಮೂರು ಮಿಲಿಮೀಟರ್ ಆಗುತ್ತದೆ, ರೀಫಿಲ್ಲೂ ಅಷ್ಟೇ.

ಇನ್ನು ಹೊಟ್ಟೆಯ ವಿಚಾರ. ನಾನು ಬಲಗಡೆಯ ತಗಡನ್ನು ಕತ್ತರಿಸಿ ತೆರೆದಿಟ್ಟು, ಒಳಗಿನ ಬಾಯ್ಲರ್, ಅದರ ಹಬೆಯಿಂದ ತಿರುಗುವ ಎಂಜಿನ್ನಾದ ಟರ್ಬೈನ್ ಕಾಣುವ ಹಾಗೆ ಮಾಡಬೇಕೆಂದಿದ್ದೆ. ಆವರೆಗಿನ ಜಪಾನಿ ಡೆಸ್ಟ್ರಾಯರ್‌ಗಳಲ್ಲಿ ಬಾಯ್ಲರ್‌ಗಳೆಲ್ಲ ಮುಂದೆ ಸಾಲಾಗಿ, ಎಂಜಿನ್ ರೂಮು ಅವುಗಳ ಹಿಂದೆ. ಅದೇ ಅಭ್ಯಾಸದಲ್ಲಿ ನಾನೂ ಎರಡು ಬಾಯ್ಲರ್‌ಗಳನ್ನು ಒಟ್ಟಿಗೆ ಮುಂದಿಟ್ಟು ಅಂಟಿಸಿಬಿಟ್ಟೆ. ಮೇಲಿನ ಡೆಕ್ ತಂದು ಕೂರಿಸಿದರೆ ಹಿಂದಿನ ಹೊಗೆಕೊಳವೆ ಟರ್ಬೈನಿನ ನೆತ್ತಿಯ ಮೇಲೆ ನಿಂತಿದೆ! ಹೊಗೆ ಬರಬೇಕಾದದ್ದು ಬಾಯ್ಲರಿನಿಂದ ತಾನೆ? ಅರ್ಧ ಗಂಟೆ ನೋಡುತ್ತಾ ಕೂತೆ. ತಾಕೆಯ ಹೊಗೆಕೊಳವೆಗಳು ಯಾಕೆ ಅಷ್ಟು ದೂರ ದೂರ ಇವೆ ಅನ್ನುವುದು ಆಗ ತಲೆಗೆ ಹೋಯಿತು. ಮುಂದಿನಿಂದ ಹಿಂದಕ್ಕೆ ಬಂದರೆ ಒಂದು ಬಾಯ್ಲರ್ ರೂಮು, ಅದರ ಎಂಜಿನ್ ರೂಮು. ಮತ್ತೆ ಒಂದು ಬಾಯ್ಲರ್ ರೂಮು, ಅದರ ಎಂಜಿನ್ ರೂಮು. ಒಂದೊಂದು ಜೋಡಿಗೆ ಒಂದೊಂದು ಪ್ರೊಪೆಲ್ಲರ್. ಒಂದೇ ಸೂರಿನಡಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ, ಒಬ್ಬನ ಮನೆ ಬಿದ್ದರೂ ಇನ್ನೊಬ್ಬನ ಒಲೆ ಉರಿಯುತ್ತಿರಬೇಕು.

ಇದರ ಬೆಲೆ ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ನಾನು ಮೂರನೇ ಎಂಜಿನಿಯರ್ ಆಗಿದ್ದ ಒಂದು ಸರಕು ಹಡಗಿನಲ್ಲಿ ಸಮುದ್ರದ ನೀರಿನ ಪೈಪು ನಡುರಾತ್ರಿ ಬಿರಿದು, ವಾಲ್ವ್ ಸಿಗುವ ಹೊತ್ತಿಗೆ ಮೊಣಕಾಲಿನವರೆಗೆ ನೀರು ಬಂದಿತ್ತು. ಜನರೇಟರ್ ನಿಂತಿತು, ದೀಪ ಹೋಯಿತು, ಮುಖ್ಯ ಎಂಜಿನ್ ನಿಂತಿತು. ಎಲ್ಲ ಒಂದೇ ರೂಮಿನಲ್ಲಿ ಇದ್ದದ್ದರಿಂದ ಎಲ್ಲವೂ ಒಟ್ಟಿಗೆ ಹೋದವು. ಆ ಕತ್ತಲಲ್ಲಿ ನಿಂತವನಿಗೆ ತಾಕೆಯ ನಕ್ಷೆ ನೋಡಿದರೆ ಕರುಬು ಬಾರದೆ ಇರುತ್ತದೆಯೇ? ವೇಗ ಬರೀ 27.8 ನಾಟ್, ಟರ್ಬೈನ್‌ಗಳು ಸಣ್ಣ ಟಾರ್ಪೆಡೊ ದೋಣಿಗಳಿಗೆಂದು ಮಾಡಿದ್ದ ವಿನ್ಯಾಸದವು, 19,000 ಅಶ್ವಶಕ್ತಿ. ಅವಸರದಲ್ಲಿ ಕಟ್ಟಿದ ಬಡ ಹಡಗು ಎಂದು ಬರೆಯುವವರು ಈ ಗೋಡೆಗಳನ್ನು ಎಣಿಸಿರುವುದಿಲ್ಲ. ಅಂಟಿಸಿದ್ದನ್ನೆಲ್ಲ ಬ್ಲೇಡಿನಿಂದ ಕಿತ್ತು ಮತ್ತೆ ಜೋಡಿಸಿದೆ.

ಹಡಗು ಕಟ್ಟುತ್ತಲೇ ಗೋಡೆಗೆ ಒಂದು ಚಾರ್ಟ್ ಅಂಟಿಸಿ ತಾಕೆಯ ದಿನಚರಿ ಬರೆದೆ: ದಿನಾಂಕ, ಜಾಗ, ಜೊತೆಯಲ್ಲಿ ಯಾರು, ಅವರಿಗೇನಾಯಿತು. ಸೋಲಿನ ಹೊತ್ತಿಗೆ ಜಪಾನಿನಲ್ಲಿ ರಾಶಿ ರಾಶಿ ಕಾಗದ ಸುಟ್ಟುಹೋಗಿದೆ, ಹಾಗಾಗಿ ಅಮೆರಿಕನ್ನರ ವರದಿಗಳನ್ನೂ ಪಕ್ಕದಲ್ಲಿಟ್ಟು ಓದಬೇಕು. ಆ ನಾಲ್ಕನೇ ಕಾಲಂ ತುಂಬುತ್ತಾ ಹೋದ ಹಾಗೆ ಕೈ ನಿಧಾನವಾಯಿತು. ಅಣ್ಣ ಮಾತ್ಸು ಆಗಸ್ಟ್ 4ರಂದೇ ಚಿಚಿಜಿಮಾ ದ್ವೀಪದ ಹತ್ತಿರ ಮುಳುಗಿತು. ಸೇವೆಗೆ ಸೇರಿ ನೂರು ದಿನವೂ ಆಗಿರಲಿಲ್ಲ.

ನವೆಂಬರಿನಲ್ಲಿ ತಾಕೆ ಮನಿಲಾದಲ್ಲಿತ್ತು. ಫಿಲಿಪ್ಪೀನ್ಸಿನ ಲೇಯ್ಟೆ ದ್ವೀಪದಲ್ಲಿ ಅಮೆರಿಕನ್ನರು ಇಳಿದಿದ್ದರು. ದ್ವೀಪದ ಪಶ್ಚಿಮದ ಒರ್ಮೊಕ್ ಕೊಲ್ಲಿಯ ಮೂಲಕ ತಮ್ಮ ಸೈನ್ಯಕ್ಕೆ ಜನ, ಮದ್ದುಗುಂಡು, ಅಕ್ಕಿ ಸಾಗಿಸಲು ಜಪಾನಿಯರು ತಂಡ ತಂಡವಾಗಿ ಹಡಗು ಕಳಿಸುತ್ತಿದ್ದರು. ಮೂರನೇ ತಂಡಕ್ಕೆ ಕಾವಲಾಗಿ ಶಿಮಾಕಾಜೆ, ಹಾಮಾನಾಮಿ, ಹಾತ್ಸುಹಾರು ಮತ್ತು ನಮ್ಮ ತಾಕೆ. ಶಿಮಾಕಾಜೆ ಎಂದರೆ 40 ನಾಟ್ ಓಡುತ್ತಿದ್ದ, ಹದಿನೈದು ಟಾರ್ಪೆಡೊ ನಳಿಕೆಗಳ ಪಟ್ಟದ ಕುದುರೆ. ಮೂರನೆಯದಕ್ಕಿಂತ ಮೊದಲೇ ಹೊರಟು, ಕೆಲಸ ಮುಗಿಸಿ ಎದುರಿನಿಂದ ಬರುತ್ತಿದ್ದ ನಾಲ್ಕನೇ ತಂಡ ದಾರಿಯಲ್ಲಿ ಸಿಕ್ಕಾಗ ಅದಲು ಬದಲು ಮಾಡಿದರು. ತಾಕೆ, ಹಾತ್ಸುಹಾರು ಮನಿಲಾಕ್ಕೆ ವಾಪಸು. ಅವುಗಳ ಬದಲಿಗೆ ಹೆಚ್ಚು ಬಲದ ನಾಗಾನಾಮಿ, ಆಸಾಶಿಮೊ, ವಾಕಾತ್ಸುಕಿ. ನವೆಂಬರ್ 11ರಂದು ಅಮೆರಿಕನ್ ವಿಮಾನಗಳು ಎರಗಿದವು. ಐದು ಡೆಸ್ಟ್ರಾಯರ್‌ಗಳಲ್ಲಿ ಉಳಿದದ್ದು ಆಸಾಶಿಮೊ ಒಂದೇ. ವಾಪಸು ಬಂದ ಹಾತ್ಸುಹಾರು ಕೂಡ ಎರಡು ದಿನಕ್ಕೆ ಮನಿಲಾ ಬಂದರಿನಲ್ಲೇ ಬಾಂಬಿಗೆ ಮುಳುಗಿತು. ತಾಕೆಯ ಸಾಲಿನಲ್ಲಿ ಬರೆಯಲು ಏನೂ ಇರಲಿಲ್ಲ, ಅದು ಬದುಕಿತ್ತು ಅಷ್ಟೇ.

ಡಿಸೆಂಬರ್ 2ರ ರಾತ್ರಿ ತಾಕೆ ಮತ್ತು ಕುವಾ ಮೂರು ಸಾಗಣೆ ನೌಕೆಗಳನ್ನು ಒರ್ಮೊಕ್‌ಗೆ ತಂದವು. ಸರಕು ಇಳಿಯುತ್ತಿದ್ದ ಹೊತ್ತಿಗೆ, ನಡುರಾತ್ರಿಯ ಸುಮಾರಿಗೆ, ಅಲೆನ್ ಎಂ. ಸಮ್ನರ್, ಮೋಲ್, ಕೂಪರ್ ಎಂಬ ಮೂರು ಅಮೆರಿಕನ್ ಡೆಸ್ಟ್ರಾಯರ್‌ಗಳು ಕೊಲ್ಲಿಗೆ ನುಗ್ಗಿದವು. ಒಂದೊಂದೂ 2,200 ಟನ್, ಒಂದೊಂದಕ್ಕೂ ಆರಾರು ತೋಪು, ಜೊತೆಗೆ ಕತ್ತಲಲ್ಲೂ ಗುರಿ ಹಿಡಿಯುವ ರೇಡಾರ್. ತಾಕೆ, ಕುವಾ ಎರಡೂ ಸೇರಿದರೆ ಆರು ತೋಪು. ಕುವಾ ಬೇಗನೆ ಹೊತ್ತಿಕೊಂಡು ಮುಳುಗಿತು. ತಾಕೆ ತನ್ನ ಟಾರ್ಪೆಡೊಗಳನ್ನು ಬಿಟ್ಟಿತು. ಅವು ಗಾಳಿಯ ಬದಲು ಶುದ್ಧ ಆಮ್ಲಜನಕದಲ್ಲಿ ಓಡುವಂಥವು, ನೀರಿನ ಮೇಲೆ ಗುಳ್ಳೆಯ ಗೆರೆ ಕಾಣುವುದಿಲ್ಲ. ಮೂತಿಯಲ್ಲಿ ಅರ್ಧ ಟನ್ನಿಗೆ ಹತ್ತಿರ ಸ್ಫೋಟಕ. ಒಂದು ಕೂಪರ್‌ಗೆ ಬಡಿಯಿತು. ಹಡಗು ಎರಡು ತುಂಡಾಗಿ ಒಂದು ನಿಮಿಷದೊಳಗೆ ಮುಳುಗಿತು. 191 ಜನ ಸತ್ತರು, 168 ಜನ ಉಳಿದರು. ಮರುದಿನ ನೀರಿನ ಮೇಲಿಳಿದ ಒಂದೇ ವಿಮಾನ 56 ಜನರನ್ನು ತುಂಬಿಕೊಂಡು ಹಾರಿತಂತೆ. ಕೂಪರ್ ಸೇವೆಗೆ ಸೇರಿದ್ದು 1944ರ ಮಾರ್ಚ್ 27ರಂದು, ತಾಕೆ ನೀರಿಗಿಳಿದದ್ದು ಅದರ ಮಾರನೇ ದಿನ. ಎರಡೂ ದಿನಾಂಕಗಳನ್ನು ಚಾರ್ಟಿನಲ್ಲಿ ಮೇಲೆ ಕೆಳಗೆ ಬರೆದ ಮೇಲೆ ಆ ಸಂಜೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ತಾಕೆಗೂ ಪೆಟ್ಟು ಬಿದ್ದಿತ್ತು. ನೀರು ನುಗ್ಗಿತು, ಹಡಗು ವಾಲಿತು, ಒಂದು ಎಂಜಿನ್ ಸತ್ತಿತು. ಇನ್ನೊಂದು ಓಡುತ್ತಲೇ ಇತ್ತು. ಸರಕಿಳಿಸಿದ ಮೂರೂ ಸಾಗಣೆ ನೌಕೆಗಳು ವಾಪಸಾದವು. ಒಂಟಿ ಎಂಜಿನ್ನಿನ ಮೇಲೆ ಕುಂಟುತ್ತಾ ತಾಕೆಯೂ ಮನಿಲಾ ಸೇರಿತು. ನಾನು ಬ್ಲೇಡಿನಿಂದ ಕಿತ್ತು ಮತ್ತೆ ನಿಲ್ಲಿಸಿದ ಆ ಗೋಡೆಗಳು ಮಾಡಿದ ಕೆಲಸ ಇದು. ಆದರೆ ಇದರಿಂದ ಯುದ್ಧದಲ್ಲಿ ಬದಲಾದದ್ದು ಏನೂ ಇಲ್ಲ. ಡಿಸೆಂಬರ್ 7ರಂದು ಅಮೆರಿಕನ್ ಸೈನ್ಯ ಒರ್ಮೊಕ್‌ನ ಪಕ್ಕದಲ್ಲೇ ಇಳಿಯಿತು, 10ರಂದು ಊರು ಅವರ ಕೈಯಲ್ಲಿತ್ತು.

ತಾಕೆ ಯುದ್ಧ ಮುಗಿಯುವವರೆಗೂ ಉಳಿಯಿತು. 1947ರ ಜುಲೈ 16ರಂದು ಸಿಂಗಾಪುರದಲ್ಲಿ ಬ್ರಿಟಿಷರ ಪಾಲಿಗೆ ಬಂತು. ಅವರು ಅದನ್ನು ಗುಜರಿಗೆ ಹಾಕಿದರು.

ನನ್ನ ತಾಕೆಗೆ ಹದಿನೇಳು ತಿಂಗಳು ಹಿಡಿಯಿತು, ಅಸಲಿ ಹಡಗಿನ ಎರಡರಷ್ಟು. ಬಲಗಡೆ ತೆರೆದಿದೆ, ಒಳಗೆ ಎರಡು ಒಲೆಗಳೂ ಕಾಣುತ್ತವೆ. ನನ್ನಾಕೆ ಶಿಡ್ಲಘಟ್ಟದ ರೇಷ್ಮೆ ಬೆಳೆಯುವ ಮನೆಯವಳು. ಕುವಾ ಎಂದರೆ ಹಿಪ್ಪುನೇರಳೆ ಎಂದು ಹೇಳಿದಾಗಿನಿಂದ ಅವಳಿಗೆ ತಾಕೆಗಿಂತ ಅದರ ಮೇಲೆಯೇ ಅಕ್ಕರೆ. ಮೊನ್ನೆ ಶೋಕೇಸ್ ಒರೆಸುತ್ತಾ, "ಬಿದಿರೊಂದನ್ನೇ ನಿಲ್ಲಿಸಿದ್ದೀರಲ್ಲ ರೀ, ನಮ್ಮ ಹಿಪ್ಪುನೇರಳೆ ಎಲ್ಲಿ?" ಅಂದಳು. ಪ್ಲಾಸ್ಟಿಕ್ ಶೀಟ್ ತಂದಿದ್ದೇನೆ. ಸೂಜಿ ಕೇಳಲು ಈ ಸಲ ಬೇರೆ ಮೆಡಿಕಲ್ ಶಾಪಿಗೆ ಹೋಗುತ್ತೇನೆ.