ರೆಸಿನ್ ತ್ರೀಡಿ ಪ್ರಿಂಟರ್: ಬೆಳಕಿನ ಸಮಯ ನಿಗದಿ ಮಾಡುವುದು ಹೇಗೆ?

ಭೋಸರಿ, ಚಿಂಚವಾಡದ ಸಣ್ಣ ವರ್ಕ್‌ಶಾಪ್‌ಗಳಲ್ಲಾಗಲಿ, ಪುಣೆಯ ಆಭರಣ ತಯಾರಕರ ಬಳಿಯಾಗಲಿ, ರೆಸಿನ್ ಎಂಬ ದ್ರವವನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿಗೊಳಿಸಿ ವಸ್ತು ರೂಪಿಸುವ ರೆಸಿನ್ ತ್ರೀಡಿ ಪ್ರಿಂಟರ್ ಈಗ ಅಪರೂಪದ ವಸ್ತುವಲ್ಲ. ಅದನ್ನು ಕೊಂಡ ಇಲ್ಲಿನ ಕನ್ನಡಿಗರಿಂದ ನಾನು ಕೇಳುವ ದೂರು ಹೆಚ್ಚುಕಡಿಮೆ ಒಂದೇ: ಮುದ್ರಿಸಿದ ತುಂಡಿನ ರಂಧ್ರ ಮುಚ್ಚಿಹೋಗುತ್ತದೆ, ಪಿನ್ನು ಕೂರುವುದಿಲ್ಲ, ಯಂತ್ರವೇ ಸರಿಯಿಲ್ಲ. ಬಹುತೇಕ ಸಂದರ್ಭಗಳಲ್ಲಿ ಯಂತ್ರ ಸರಿಯಾಗಿಯೇ ಇರುತ್ತದೆ. ರೆಸಿನ್ ಬಾಟಲಿಯ ಮೇಲೆ ಅಚ್ಚಾದ ಎಕ್ಸ್‌ಪೋಶರ್ ಸಮಯವನ್ನು, ಅಂದರೆ ಪ್ರತಿ ಪದರಕ್ಕೆ ಬೆಳಕು ಬೀಳಬೇಕಾದ ಅವಧಿಯನ್ನು, ಕಣ್ಣುಮುಚ್ಚಿ ನಂಬಿರುತ್ತಾರೆ.

ಈ ಯಂತ್ರದ ತಳದಿಂದ 405 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕು ಮೇಲಕ್ಕೆ ಬರುತ್ತದೆ. ಎಲ್‌ಸಿಡಿ ಪರದೆಯ ಒಂದೊಂದು ಪಿಕ್ಸೆಲ್ ಅದನ್ನು ಬಿಡುತ್ತದೆ ಇಲ್ಲವೇ ತಡೆಯುತ್ತದೆ; ಬೆಳಕು ಬಿದ್ದಲ್ಲಿ ರೆಸಿನ್ ಗಟ್ಟಿಯಾಗಿ ಸಾಮಾನ್ಯವಾಗಿ 0.05 ಮಿ.ಮೀ. ದಪ್ಪದ ಒಂದು ಪದರವಾಗುತ್ತದೆ. ದುಬಾರಿ ಯಂತ್ರಗಳಲ್ಲಿ ಪರದೆಯ ಬದಲು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಸೂಕ್ಷ್ಮ ಕನ್ನಡಿಗಳ ಚಿಪ್ ಇರುತ್ತದೆ. ಸಿನೆಮಾ ಮಂದಿರಗಳ ಅನೇಕ ಡಿಜಿಟಲ್ ಪ್ರೊಜೆಕ್ಟರುಗಳಲ್ಲಿರುವುದೂ ಅದೇ ಬಗೆಯದು. ಮುಂದೆ ಹೇಳುವ ಕ್ರಮ ಎರಡಕ್ಕೂ ಹೊಂದುತ್ತದೆ.

ಮೊದಲು ನೈಟ್ರೈಲ್ ಕೈಗವಸು ತೊಟ್ಟು, ತುಂಡು ಅಂಟಿಕೊಂಡು ಬೆಳೆಯುವ ಪ್ಲೇಟನ್ನು ಸಮಮಟ್ಟಕ್ಕೆ ತಂದು, ಬಾಟಲಿಯನ್ನು ಚೆನ್ನಾಗಿ ಕುಲುಕಿ ರೆಸಿನ್ ಸುರಿಯಿರಿ. ಕಲಿಯುವವರು ಬೂದುಬಣ್ಣದ ರೆಸಿನ್ನನ್ನೇ ತೆಗೆದುಕೊಳ್ಳಬೇಕು. ಪಾರದರ್ಶಕ ರೆಸಿನ್‌ನಲ್ಲಿ ಬೆಳಕು ಬೇಡವಾದ ಕಡೆಗೂ ಹರಡುತ್ತದೆ, ದೋಷವೂ ಕಣ್ಣಿಗೆ ಬೀಳುವುದಿಲ್ಲ. ಲೇಬಲ್ ಇಲ್ಲದ ಬಾಟಲಿಗಳಲ್ಲಿ ತುಂಬಿ ಅಗ್ಗಕ್ಕೆ ಮಾರುವ ಮಾಲನ್ನು ಮುಟ್ಟಲೇಬೇಡಿ. ಅಂಥ ಮಾಲಿಗೆ ಇಂದು ಹೊಂದಿಸಿದ ಸಮಯ ಮುಂದಿನ ಬಾಟಲಿಗೆ ನಡೆಯುವುದಿಲ್ಲ. ಪುಣೆಯ ಚಳಿಗಾಲದ ಬೆಳಗಿನಲ್ಲಿ ರೆಸಿನ್ ಮಂದವಾಗುವುದರಿಂದ ಕೋಣೆಯನ್ನು 25 ಡಿಗ್ರಿಯ ಆಸುಪಾಸಿಗೆ ತಂದ ನಂತರವೇ ಕೆಲಸ ಆರಂಭಿಸಿ.

ಈಗ ಹೆಚ್ಚಿನವರು ಎಡವುವ ಹಂತಕ್ಕೆ ಬರೋಣ. ಅಂತರ್ಜಾಲದಲ್ಲಿ ಸಿಗುವ ಅಲಂಕಾರದ ಪರೀಕ್ಷಾ ಮಾದರಿಗಳನ್ನು ಬದಿಗಿಟ್ಟು, 5 ಮಿ.ಮೀ. ವ್ಯಾಸದ ಒಂದು ಕಂಬವೂ ಅಷ್ಟೇ ವ್ಯಾಸದ ಒಂದು ರಂಧ್ರವೂ ಇರುವ ಚಿಕ್ಕ ತುಂಡೊಂದನ್ನು ನೀವೇ ರಚಿಸಿ, ಪ್ಲೇಟಿನ ನಡುವೆ ಒಂದನ್ನೂ ನಾಲ್ಕು ಮೂಲೆಗಳಲ್ಲಿ ಒಂದೊಂದನ್ನೂ ಇಟ್ಟು ಮುದ್ರಿಸಿ, ಏಕೆಂದರೆ ಪರದೆಯ ಅಂಚಿನಲ್ಲಿ ಬೆಳಕು ಮಂದವಾಗಿರುವ ಯಂತ್ರಗಳು ಸಾಕಷ್ಟಿವೆ. ಬಾಟಲಿಯ ಮೇಲೆ 2.5 ಸೆಕೆಂಡ್ ಎಂದಿದ್ದರೆ ಅಲ್ಲಿಂದಲೇ ಆರಂಭಿಸಿ. ತೊಳೆದು, ಆಲ್ಕೊಹಾಲ್ ಪೂರ್ತಿ ಆರಿದ ಮೇಲೆ ವರ್ನಿಯರ್‌ನಿಂದ (ಸೂಕ್ಷ್ಮ ಅಳತೆಯ ಸಾಧನ) ಕಂಬ, ರಂಧ್ರ ಎರಡನ್ನೂ ಅಳೆಯಿರಿ. ಮೊದಲ ಕೆಲವು ಪದರಗಳಿಗೆ ಪ್ಲೇಟಿಗೆ ಅಂಟಿಕೊಳ್ಳಲೆಂದೇ ಹೆಚ್ಚು ಬೆಳಕು ಕೊಟ್ಟಿರುವುದರಿಂದ ಅವು ಹೊರಕ್ಕೆ ಉಬ್ಬಿರುತ್ತವೆ. ಅಲ್ಲಿ ವರ್ನಿಯರ್ ಹಿಡಿಯಬೇಡಿ.

ಕಂಬ 5.12 ಬಂದು ರಂಧ್ರ 4.88 ಬಂದರೆ ಬೆಳಕು ಹೆಚ್ಚಾಗಿದೆ. ಕಂಬ ಸಣಕಲಾಗಿ ರಂಧ್ರ ಅಗಲವಾದರೆ ಕಡಿಮೆಯಾಗಿದೆ. ಎರಡೂ ಒಟ್ಟಿಗೆ ಚಿಕ್ಕದಾಗಿ ಬಂದರೆ ಅದು ರೆಸಿನ್ ಕುಗ್ಗಿದ ಲಕ್ಷಣ. ಅದಕ್ಕೆ ಸಾಫ್ಟ್‌ವೇರಿನಲ್ಲಿ ಅಳತೆಯನ್ನು ಹಿಗ್ಗಿಸಬೇಕೇ ಹೊರತು ಸಮಯದ ತಂಟೆಗೆ ಹೋಗಬಾರದು. ರಂಧ್ರವೊಂದನ್ನೇ ಅಳೆದು ಸಮಯ ಕಡಿತಗೊಳಿಸುವವರು, ಕೊನೆಗೆ ಪದರಗಳು ಬಿಟ್ಟುಕೊಂಡು ತುಂಡು ಸೀಳಿದಾಗ ಮತ್ತೆ ಯಂತ್ರವನ್ನೇ ಬೈಯುತ್ತಾರೆ.

ಪ್ರತಿ ಸಲ 0.2 ಸೆಕೆಂಡ್‌ಗಿಂತ ಹೆಚ್ಚು ಬದಲಿಸಬೇಡಿ, ಜೊತೆಗೆ ಬೇರೆ ಯಾವುದನ್ನೂ ಬದಲಿಸಬೇಡಿ. ಗಟ್ಟಿಯಾಗುವ ಆಳವು ಬೆಳಕಿನ ಪ್ರಮಾಣದ ಲಾಗರಿದಮ್ ಅನ್ನು ಅನುಸರಿಸಿ ಬೆಳೆಯುತ್ತದೆ: ಬೆಳಕು 0.15 ಮಿ.ಮೀ.ವರೆಗೆ ಇಳಿಯುವ ಗುಣದ ರೆಸಿನ್‌ಗೆ ಸಮಯವನ್ನು ದುಪ್ಪಟ್ಟು ಮಾಡಿದರೂ ಆಳ ಹೆಚ್ಚುವುದು ಸುಮಾರು 0.10 ಮಿ.ಮೀ. ಮಾತ್ರ. ಆದ್ದರಿಂದ ‘ಗಟ್ಟಿಯಾಗಲಿ’ ಎಂದು ಸಮಯ ಏರಿಸುತ್ತ ಹೋದರೆ ಬಲ ಬರುವ ಮೊದಲೇ ಅಳತೆ ಕೆಡುತ್ತದೆ. ಹೊಂದಿದ ಸಮಯವನ್ನು ಬಾಟಲಿಯ ಮೇಲೆಯೇ ಮಾರ್ಕರ್‌ನಿಂದ ಬರೆದಿಡಿ; ರೆಸಿನ್, ಪರದೆ ಅಥವಾ ಹವೆ ಬದಲಾದಾಗ ಪರೀಕ್ಷೆಯನ್ನು ಮತ್ತೆ ಮಾಡಿ.

ಉಳಿದದ್ದು ಸುಲಭ: ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಒಣಗಿಸಿ, ನೇರಳೆ ದೀಪದಡಿ ಕೆಲವು ನಿಮಿಷ ಇಡಿ. ನೀರಿನಲ್ಲಿ ತೊಳೆಯುವ ರೆಸಿನ್ ಅಗ್ಗದ ದಾರಿಯಂತೆ ಕಂಡರೂ ನಾನು ಬೇಡವೆನ್ನುತ್ತೇನೆ, ಏಕೆಂದರೆ ತೊಳೆದ ನೀರು ನೇರವಾಗಿ ಮೋರಿಗೆ ಹೋಗುವುದನ್ನು ಹಲವೆಡೆ ಕಂಡಿದ್ದೇನೆ. ಕೊಳೆಯಾದ ಆಲ್ಕೊಹಾಲನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ತುಂಬಿ, ಬೆಂಕಿಯಿಂದ ದೂರ, ಬಿಸಿಲು ಬೀಳುವ ಕಡೆ ಇಟ್ಟರೆ ಅದರಲ್ಲಿ ಬೆರೆತ ರೆಸಿನ್ ಗಟ್ಟಿಯಾಗಿ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಸೋಸಿ ಮೊದಲ ತೊಳೆತಕ್ಕೆ ಮತ್ತೆ ಬಳಸಬಹುದು.