ನಾಣ್ಯದ ಡಬ್ಬಿ ತೆರೆದ ಸಂಜೆ: ಉಜ್ಜಬೇಡಿ, ನೋಡಿ

ಹಳೆ ನಾಣ್ಯದ ಡಬ್ಬಿ ಹೊರಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಅವನ್ನು ತೊಳೆಯುವುದು. ಮಕ್ಕಳ ಕೈಗೆ ಬ್ರಷ್ ಕೊಟ್ಟು, ಟೂತ್‌ಪೇಸ್ಟ್ ಹಚ್ಚಿ ಉಜ್ಜಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅರ್ಧ ಗಂಟೆಯಲ್ಲಿ ನಾಣ್ಯ ಫಳಫಳ ಹೊಳೆಯುತ್ತದೆ. ಅಷ್ಟರಲ್ಲಿ ಹಾಳೂ ಆಗಿರುತ್ತದೆ. ಹಾಗಾಗದಂತೆ ಮನೆಯವರೆಲ್ಲ ಒಂದು ಸಂಜೆ ಕೂತು ನಾಣ್ಯ ನೋಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಟಿವಿ ಆರಿಸಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಕೈಜಾರಿದರೂ ನಾಣ್ಯಕ್ಕೆ ಪೆಟ್ಟಾಗುವುದಿಲ್ಲ. ಪಕ್ಕದಿಂದ ಬೆಳಕು ಬೀಳುವ ಒಂದೇ ಟೇಬಲ್ ಲ್ಯಾಂಪ್ ಇರಲಿ. ಭೂತಗನ್ನಡಿ 5ರಿಂದ 10 ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಸಾಕು. 60 ಪಟ್ಟು ಅಂತ ಬರೆದ ಅಗ್ಗದವು ಬೇಡವೇ ಬೇಡ. ಅದರಲ್ಲಿ ನಾಣ್ಯದ ಒಂದು ಚೂರು ಬಿಟ್ಟು ಬೇರೇನೂ ಕಾಣುವುದಿಲ್ಲ, ಮಕ್ಕಳಿಗೆ ಬೇಗ ಬೇಜಾರಾಗುತ್ತದೆ.

ಎಲ್ಲರೂ ಸೋಪು ಹಚ್ಚಿ ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಿ. ನಾಣ್ಯವನ್ನು ಹೆಬ್ಬೆರಳು, ತೋರುಬೆರಳಿನಿಂದ ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬೆವರಿನಲ್ಲಿ ಉಪ್ಪೂ ಎಣ್ಣೆಯೂ ಇರುತ್ತದೆ. ತಾಮ್ರದ ಮೇಲೆ ಬೆರಳಚ್ಚು ಒಮ್ಮೆ ಕಚ್ಚಿಕೊಂಡರೆ ಬಿಡುವುದಿಲ್ಲ. ನಾಣ್ಯದ ಮೇಲೆ ಬಗ್ಗಿ ಮಾತಾಡಲೂಬಾರದು, ಎಂಜಲಿನ ಸಣ್ಣ ಹನಿ ಬಿದ್ದಲ್ಲಿ ಮುಂದೆ ಕಪ್ಪು ಚುಕ್ಕೆ ಏಳುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ನಾಣ್ಯ ಯಾರ ಕೈಯಲ್ಲಿದೆಯೋ ಅವರು ಮಾತಾಡುವಂತಿಲ್ಲ. ನೋಡಿ, ಟವೆಲ್ ಮೇಲಿಟ್ಟು, ಆಮೇಲೆ ಹೇಳಬೇಕು. ಕೈಯಿಂದ ಕೈಗೆ ದಾಟಿಸುವುದೂ ಇಲ್ಲ. ಐದು ವರ್ಷದ ಮಗು ಕೂಡ ಇದನ್ನು ಒಂದೇ ಸಂಜೆಯಲ್ಲಿ ಕಲಿಯುತ್ತದೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ, ಅಂದರೆ ಉಜ್ಜುವುದಕ್ಕೆ ಬರೋಣ. ಟಂಕಸಾಲೆಯಲ್ಲಿ ನಾಣ್ಯದ ಮೇಲೆ ಅಚ್ಚು ಬಲವಾಗಿ ಒತ್ತಿದಾಗ ಲೋಹ ಕೂದಲಿಗಿಂತ ಸಣ್ಣ ಗೆರೆಗಳಾಗಿ ಹೊರಕ್ಕೆ ಹರಿದಿರುತ್ತದೆ. ಬಳಸದ ನಾಣ್ಯವನ್ನು ದೀಪದ ಕೆಳಗೆ ನಿಧಾನವಾಗಿ ಓಲಾಡಿಸಿ. ಬೆಳಕಿನ ಪಟ್ಟಿಗಳು ಚಕ್ರದ ಕಡ್ಡಿಗಳಂತೆ ತಿರುಗುತ್ತವೆ. ಅದು ಆ ಗೆರೆಗಳ ಆಟ. ಒಮ್ಮೆ ಉಜ್ಜಿದರೆ ಆ ಗೆರೆಗಳು ಸವೆದು, ಅಡ್ಡಾದಿಡ್ಡಿ ಗೀರುಗಳು ಬರುತ್ತವೆ. ಆಮೇಲೆ ನಾಣ್ಯ ಹೊಳೆಯಬಹುದು, ಆದರೆ ಬೆಳಕು ತಿರುಗುವುದಿಲ್ಲ. ಸಂಗ್ರಹಕಾರರು ಉಜ್ಜಿದ ನಾಣ್ಯವನ್ನು ನೋಡಿದ ಕೂಡಲೇ ಕಂಡುಹಿಡಿಯುವುದು ಹೀಗೇ. ನಿಂಬೆರಸ ಇನ್ನೊಂದು ದಾರಿಯಲ್ಲಿ ಕೆಡಿಸುತ್ತದೆ. ಅದು ಲೋಹವನ್ನೇ ತಿಂದು, ತಾಮ್ರಕ್ಕೆ ಹಸಿಮಾಂಸದಂಥ ಗುಲಾಬಿ ಬಣ್ಣ ತರುತ್ತದೆ. ಬೆಳ್ಳಿಯ ಮೇಲೆ ಕಾಣುವ ಕಪ್ಪು ಬಣ್ಣ ಕೊಳೆಯಲ್ಲ, ಗಾಳಿಯಲ್ಲಿರುವ ಗಂಧಕದಿಂದ ಆದ ತೆಳುಪದರ. ಅದನ್ನು ಸುಮ್ನೆ ಬಿಡಿ. ಮಣ್ಣು ಮೆತ್ತಿದ್ದರೆ ಮಾತ್ರ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ಮರುದಿನ ತೆಗೆದು, ಮೆತ್ತನೆ ಬಟ್ಟೆಯ ಮೇಲಿಟ್ಟು ಒತ್ತಿ ನೀರು ತೆಗೆಯಿರಿ. ಒರೆಸಬೇಡಿ. ಉಜ್ಜುವ ಆಸೆ ತಡೆಯದಿದ್ದರೆ ಚಲಾವಣೆಯಲ್ಲಿರುವ ಎರಡು ಸಾಮಾನ್ಯ ನಾಣ್ಯ ತಗೊಂಡು, ಒಂದನ್ನು ಮಾತ್ರ ಉಜ್ಜಿ ಪಕ್ಕಪಕ್ಕ ಇಟ್ಟು ನೋಡಿ. ಮಕ್ಕಳಿಗೆ ಬೇರೆ ಪಾಠವೇ ಬೇಡ.

ನಾಣ್ಯದ ಮೇಲಿರುವುದನ್ನು ಓದುವುದು ಸಲೀಸು, ಖುಷಿಯೂ ಜಾಸ್ತಿ. ನಮ್ಮ ದೇಶದ ನಾಣ್ಯದಲ್ಲಿ ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನೇಪಾಳದ ನಾಣ್ಯದಲ್ಲಿ 2051 ಅಂತ ಕಂಡರೆ ಗಾಬರಿಯಾಗಬೇಡಿ, ಅದು ವಿಕ್ರಮ ಸಂವತ್. 57 ಕಳೆದರೆ 1994. ಥಾಯ್ಲೆಂಡ್‌ನದಾದರೆ 543 ಕಳೆಯಬೇಕು. ಈ ಲೆಕ್ಕವನ್ನು ಮಕ್ಕಳಿಗೇ ಬಿಡಿ. ಒಂದು ಅಯಸ್ಕಾಂತವೂ ಪಕ್ಕದಲ್ಲಿರಲಿ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಅಮೆರಿಕ ಒಂದು ಸೆಂಟ್ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊರತಂದಿತು. ಆ ವರ್ಷದ ತಾಮ್ರದ ಸೆಂಟ್ ಬಹಳ ಅಪರೂಪ. ಉಕ್ಕಿನದಕ್ಕೇ ತಾಮ್ರ ಲೇಪಿಸಿ ಅದೇ ಇದು ಅಂತ ಮಾರುವವರಿದ್ದಾರೆ. ಅಯಸ್ಕಾಂತಕ್ಕೆ ಅಂಟಿದರೆ ಗುಟ್ಟು ರಟ್ಟು. ಆದರೆ ಅಯಸ್ಕಾಂತವನ್ನು ನಾಣ್ಯದ ಮೇಲೆ ಎಳೆದಾಡಬೇಡಿ, ಹತ್ತಿರ ತಂದರೆ ಸಾಕು.

ಎತ್ತಿಡುವಾಗಲೂ ಎಚ್ಚರ ಬೇಕು. ಬಗ್ಗುವ, ಹೊಸ ಪ್ಲಾಸ್ಟಿಕ್‌ನ ಗಾಢ ವಾಸನೆ ಬರುವ ಆಲ್ಬಂ ಪಿವಿಸಿ ಅನ್ನುವ ಪ್ಲಾಸ್ಟಿಕ್‌ನದ್ದು. ಅದು ವರ್ಷಗಳಲ್ಲಿ ಕೆಟ್ಟು ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ನನ್ನ ಮೂರು ತಾಮ್ರದ ನಾಣ್ಯ ಹಾಗೇ ಹೋದವು, ಅಂಗಡಿಯವರು ಒಳ್ಳೆ ಆಲ್ಬಂ ಅಂತಲೇ ಕೊಟ್ಟಿದ್ದರು. ಮೈಲಾರ್ ಅನ್ನುವ ತೆಳು ಪಾರದರ್ಶಕ ಹಾಳೆಯ ಕಿಟಕಿಯಿರುವ ರಟ್ಟಿನ ಹೋಲ್ಡರ್ ತಗೊಳ್ಳಿ. ಸ್ಟೇಪ್ಲರ್ ಪಿನ್ ಹೊಡೆದ ಮೇಲೆ ಅದರ ತುದಿಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲವಾದರೆ ಪಕ್ಕದ ನಾಣ್ಯಕ್ಕೆ ಗೀರಾಗುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಡಬ್ಬಿಯಲ್ಲಿ ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಮುಚ್ಚುವ ಮುಂಚೆ ಒಂದು ನೋಟ್‌ಬುಕ್ ತೆಗೆಯಿರಿ. ದೇಶ, ಇಸವಿ, ಟಂಕಸಾಲೆ, ತೂಕ ಬರೆದರೆ ಎರಡು ಸಾಲು. ಮೂರನೆಯ ಸಾಲು ಆ ನಾಣ್ಯ ಯಾರಿಂದ, ಹೇಗೆ ಬಂತು ಅನ್ನುವುದಕ್ಕೆ. ಮೊದಲ ಎರಡು ಸಾಲು ಯಾವ ಕ್ಯಾಟಲಾಗ್‌ನಲ್ಲಾದರೂ ಸಿಗುತ್ತದೆ. ಮೂರನೆಯದು ಅಜ್ಜಿಗೆ ಮಾತ್ರ ಗೊತ್ತಿರುತ್ತದೆ, ಅವರು ಹೇಳಲಿ, ಮೊಮ್ಮಗಳು ಬರೆದುಕೊಳ್ಳಲಿ.