ಕಾರಿನಡಿ ಮಲಗಲು ಕ್ರೀಪರ್, ಬ್ರೇಕ್ ಕೆಲಸಕ್ಕೆ ಸೀಟು: ನೆಲ ನೋಡಿ ಕೊಳ್ಳಿ, ಮೆತ್ತೆ ನೋಡಿ ಅಲ್ಲ

ಕ್ರೀಪರ್ ಎಂದರೆ ಅಂಗಾತ ಮಲಗಿ ಕಾರಿನಡಿಗೆ ಉರುಳಿಕೊಂಡು ಹೋಗುವ ಚಕ್ರದ ಹಲಗೆ. ಅದನ್ನು ಕೊಳ್ಳುವ ಮುನ್ನ ಟೇಪು ಹಿಡಿದು ಎರಡು ಅಳತೆ ತೆಗೆಯಿರಿ. ಕಾರು ಜ್ಯಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಆಸರೆ) ಮೇಲೆ ಕೂತಾಗ ಬಾಗಿಲ ಕೆಳಗಿನ ಅಂಚಿಗೂ ನೆಲಕ್ಕೂ ಎಷ್ಟು ಅಂತರ? ನೀವು ಅಂಗಾತ ಮಲಗಿದರೆ ನೆಲದಿಂದ ಎದೆ ಎಷ್ಟು ಎತ್ತರ? ಸಾಧಾರಣ ಸ್ಟ್ಯಾಂಡಿನಲ್ಲಿ ಮೊದಲನೆಯದು 40 ಸೆಂ.ಮೀ. ಆಸುಪಾಸು, ಎರಡನೆಯದು 22ರಿಂದ 25. ಉಳಿದ 15 ಸೆಂ.ಮೀ.ಯಲ್ಲೇ ಹಲಗೆ, ಚಕ್ರ, ನಿಮ್ಮ ಕೈ, ಸ್ಪ್ಯಾನರ್ ಎಲ್ಲ ಹಿಡಿಸಬೇಕು.

ಕಬ್ಬಿಣದ ಫ್ರೇಮಿಗೆ ದಪ್ಪ ಫೋಮ್ ಹೊದಿಸಿ 3 ಇಂಚಿನ ಚಕ್ರ ಹಾಕಿದ ಕ್ರೀಪರ್ 11–12 ಸೆಂ.ಮೀ. ನುಂಗಿಬಿಡುತ್ತದೆ. ಎದೆಯ ಮೇಲೆ ಮೂರೇ ಬೆರಳಿನ ಜಾಗ ಉಳಿದರೆ ಸ್ಪ್ಯಾನರ್ ತಿರುಗುವುದಾದರೂ ಎಲ್ಲಿ? ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಕ್ರೀಪರಿನಲ್ಲಿ ಚಕ್ರಗಳು ಅಂಚಿನ ಗೂಡುಗಳಲ್ಲಿ ಕೂರುತ್ತವೆ, ನಡುಭಾಗ ತೊಟ್ಟಿಲಿನಂತೆ ಕೆಳಗೆ ಇಳಿದಿರುತ್ತದೆ. ಬೆನ್ನು ನೆಲದಿಂದ 4–5 ಸೆಂ.ಮೀ. ಮೇಲಷ್ಟೇ ಇರುತ್ತದೆ. ಮನೆಯಲ್ಲಿ ಹ್ಯಾಚ್‌ಬ್ಯಾಕ್, ಸೆಡಾನ್ ಕೆಲಸ ಮಾಡುವವರಿಗೆ ಇದೇ ಸರಿ. ಫೋಮ್ ಕ್ರೀಪರ್ ಎತ್ತರದ ಜೀಪು, ಪಿಕಪ್‌ಗಳಿಗೆ ಇರಲಿ. ಫೋಮಿಗೆ ಇನ್ನೊಂದು ತೊಡಕಿದೆ: ಮೇಲಿನ ರೆಕ್ಸಿನ್ ಹರಿದ ದಿನದಿಂದ ಅದು ಎಣ್ಣೆ, ಪೆಟ್ರೋಲು ಹೀರತೊಡಗುತ್ತದೆ. ಗ್ರೈಂಡರ್ ಕಿಡಿ ಹಾರುವ ಜಾಗದಲ್ಲಿ ಅಂಥ ಹಾಸಿಗೆ ಬೇಡ.

ಇನ್ನು ನೆಲ. ಮಟ್ಟಸವಾದ ಸಿಮೆಂಟು, ರೆಡ್ ಆಕ್ಸೈಡ್ ಆದರೆ ಯಾವ ಚಕ್ರವೂ ಓಡುತ್ತದೆ. ಶಹಾಬಾದ್ ಕಲ್ಲು ಅಥವಾ ಪೇವರ್ ಹಾಸಿದ ಅಂಗಳದಲ್ಲಿ 2 ಇಂಚಿನ ಚಕ್ರ ಪ್ರತಿ ಸಂದಿಯಲ್ಲೂ ಸಿಕ್ಕಿಕೊಳ್ಳುತ್ತದೆ. 3 ಇಂಚಿಗಿಂತ ಕಡಿಮೆಯದು ತರಬೇಡಿ. ನೈಲಾನ್ ಚಕ್ರ ಗಟ್ಟಿ, ಆದರೆ ಟೈಲ್ಸ್ ಮೇಲೆ ಗಡಗಡ ಸದ್ದು, ಮೇಲೊಂದಿಷ್ಟು ಗೀರು. ರಬ್ಬರು ಎಂಜಿನ್ ಆಯಿಲ್ ಕುಡಿದು ಉಬ್ಬುತ್ತದೆ. ಪಾಲಿಯುರೆಥೇನ್ ಎರಡಕ್ಕೂ ಮೇಲು.

ಆರು ಚಕ್ರ ನಾಲ್ಕಕ್ಕಿಂತ ಒಳ್ಳೆಯದು ಎಂಬ ಮಾತನ್ನು ಪೂರ್ತಿ ನಂಬಬೇಡಿ. ಮಟ್ಟಸ ನೆಲದಲ್ಲಿ ನಡುವಿನ ಜೋಡಿ ಹಲಗೆ ಬಾಗದಂತೆ ತಡೆಯುತ್ತದೆ, ನಿಜ. ಉಬ್ಬುತಗ್ಗಿನ ನೆಲದಲ್ಲಿ ಅದೇ ಜೋಡಿ ಉಬ್ಬಿನ ಮೇಲೆ ಹತ್ತಿದರೆ ಇಡೀ ಹಲಗೆ ಏತದಂತೆ ತೂಗಾಡುತ್ತದೆ.

ಮಳೆನೀರು ಹರಿಯಲೆಂದು ಕಾರು ನಿಲ್ಲಿಸುವ ಜಾಗಕ್ಕೆ ಗೇಟಿನ ಕಡೆ ವಾಟ ಕೊಟ್ಟಿರುತ್ತಾರಲ್ಲ, ಅದೂ ಲೆಕ್ಕಕ್ಕಿರಲಿ. ಕಾರಿನ ಗಾಲಿಗೆ ಅಡ್ಡಗಟ್ಟೆ ಕೊಡದೆ ಜ್ಯಾಕ್ ಮುಟ್ಟಬೇಡಿ. ವಾಟ ಕಣ್ಣಿಗೇ ಕಾಣುವಷ್ಟಿದ್ದರೆ ಅಲ್ಲಿ ಕಾರು ಎತ್ತುವುದೇ ಬೇಡ. ಅಲ್ಪಸ್ವಲ್ಪ ಇದ್ದರೆ ಕಾಲು ತಗ್ಗಿನ ಕಡೆ ಬರುವಂತೆ ಮಲಗಿ. ಹಲಗೆ ಜಾರಿದರೆ ಹಿಮ್ಮಡಿಯೇ ಬ್ರೇಕು. ಇನ್ನು, ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿಗೆ ಎಂಥ ಕ್ರೀಪರ್ ಇದ್ದರೂ ಹೋಗಬಾರದು.

ಉದ್ದ 36 ಇಂಚಿದ್ದರೆ ತಲೆಯಿಂದ ಸೊಂಟದವರೆಗೆ ಸಾಕು, ಕಾಲು ನೆಲಕ್ಕೆ ಸಿಕ್ಕಿ ತಳ್ಳಿಕೊಂಡು ಹೋಗಬಹುದು. ಆರಡಿಯವರು 40 ನೋಡಲಿ. ಭುಜದ ಬಳಿ ಹಲಗೆ ಒಳಸರಿದಿದ್ದರೆ ಮೊಣಕೈ ಆಡಿಸಲು ಸಲೀಸು. ಮಡಚಿದರೆ ಸೀಟಾಗುವ ಎರಡೂ-ಒಂದರಲ್ಲಿ ನಮೂನೆ ನಮಗೆ ಒಪ್ಪಿಗೆಯಿಲ್ಲ: ಕೀಲು ಸೊಂಟದಡಿಗೇ ಬರುತ್ತದೆ, ಪಿನ್ ಸವೆದ ಮೇಲೆ ಎರಡೂ ಕೆಲಸಕ್ಕೆ ಕುಂಟು.

ಮನೆಯಲ್ಲೇ ಮಾಡಿಕೊಳ್ಳುವುದೂ ಕಷ್ಟವಲ್ಲ. 18 ಮಿ.ಮೀ. ಪ್ಲೈವುಡ್, 36 × 18 ಇಂಚು. ಕರಾವಳಿ, ಮಲೆನಾಡಿನವರು ಐಎಸ್ 710 ಗುರುತಿನ ಮರೀನ್ ಪ್ಲೈ ತರಲಿ, ಸಾದಾ ಪ್ಲೈ ತೇವಕ್ಕೆ ಪದರ ಬಿಡುತ್ತದೆ. ಪ್ಲೇಟ್ ಇರುವ ತಿರುಗು ಚಕ್ರ ನಾಲ್ಕು. ಸ್ಕ್ರೂ ಸಡಿಲವಾಗುತ್ತದೆ, ಬೋಲ್ಟಿಗೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲಗೊಳ್ಳದ ನಟ್) ಹಾಕಿ. ಬೋಲ್ಟಿನ ತಲೆ ಹಲಗೆಯೊಳಗೆ ತಗ್ಗಿ ಕೂರಲಿ, ಇಲ್ಲವಾದರೆ ಬೆನ್ನು ಗೀರುತ್ತದೆ. ಚಕ್ರ ತಾಳಬೇಕಾದ ತೂಕ ಲೆಕ್ಕ ಹಾಕುವಾಗ ಒಟ್ಟು ಭಾರವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ. ನೆಲ ಸ್ವಲ್ಪ ಓರೆಯಾದರೂ ಒಂದು ಚಕ್ರ ಗಾಳಿಯಲ್ಲಿರುತ್ತದೆ. 90 ಕೆ.ಜಿ. ಮೈ, 9 ಕೆ.ಜಿ. ಹಲಗೆ ಎಂದರೆ ಚಕ್ರಕ್ಕೆ 33. ತಲಾ 50 ಕೆ.ಜಿ. ತಾಳುವುದನ್ನು ತನ್ನಿ.

ಕ್ರೀಪರಿಗೆ ಆಗದ ಕೆಲಸವೂ ಉಂಟು. ಬಿಗಿದ ಬೋಲ್ಟಿಗೆ ಬಲ ಹಾಕಿದರೆ ಬೋಲ್ಟ್ ಅಲುಗುವುದಿಲ್ಲ, ನೀವೇ ಉರುಳುತ್ತೀರಿ. ಸಸ್ಪೆನ್ಶನ್, ಸೈಲೆನ್ಸರ್ ಬೋಲ್ಟುಗಳಿಗೆ ಕ್ರೀಪರ್ ಆಚೆ ತಳ್ಳಿ, ರಟ್ಟು ಇಲ್ಲವೇ ಗೋಣಿಚೀಲ ಹಾಸಿ ನೆಲದಲ್ಲೇ ಮಲಗಿ.

ಸೀಟಿನ ವಿಷಯ ಚಿಕ್ಕದು. 165/80 ಆರ್14 ಟೈರಿನ ಕಾರಿನಲ್ಲಿ ಹಬ್‌ನ (ಗಾಲಿ ಕೂರುವ ಗುಂಬ) ನಡು ನೆಲದಿಂದ ಸುಮಾರು 31 ಸೆಂ.ಮೀ.; ಕಾರು ಎತ್ತಿದಾಗ 40–45. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಕಣ್ಣಿಗೆ ಸಿಗಬೇಕಾದರೆ ಕೂರುವ ಎತ್ತರ 25ರಿಂದ 35 ಇರಬೇಕು. ಗ್ಯಾಸಿನಲ್ಲಿ ಏರಿಳಿಯುವ ದುಂಡು ಸ್ಟೂಲುಗಳಲ್ಲಿ ಹಲವು ಪೂರ್ತಿ ಇಳಿಸಿದರೂ 38ರ ಕೆಳಗೆ ಬರುವುದಿಲ್ಲ, ಗಂಟೆಗಟ್ಟಲೆ ಬಗ್ಗಿ ಸೊಂಟ ಹಿಡಿಯುತ್ತದೆ. ಬಾಡಿ ಪಾಲಿಶ್‌ಗೆ ಅವು ಸರಿ. ಬ್ರೇಕಿಗೆ ಮಣೆಗೆ ಚಕ್ರ ಹಾಕಿದಂಥ ತಗ್ಗು ಸೀಟೇ ಬೇಕು. ಚಕ್ರಗಳು ಕೂರುವ ಹಲಗೆಗಿಂತ ಹೊರಗೆ ಚಾಚಿರಲಿ, ಇಲ್ಲವಾದರೆ ಮುಂದೆ ಬಾಗಿದಾಗ ಮಗುಚುತ್ತದೆ. ವೀಲ್ ನಟ್ ಮಾತ್ರ ಕೂತು ಬಿಚ್ಚಬೇಡಿ.

ಕೈ ಒರೆಸುವ ಬನಿಯನ್ ವೇಸ್ಟಿನ ದಾರ, ಕೂದಲು ಚಕ್ರದ ಆಕ್ಸಲ್‌ಗೆ ಸುತ್ತಿಕೊಂಡಾಗಲೇ ಅದು ತಿರುಗದೆ ಎಳೆಯತೊಡಗುವುದು. ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಕೆಲಸ ಮುಗಿದೊಡನೆ ಕ್ರೀಪರನ್ನು ಗೋಡೆಗೆ ನಿಲ್ಲಿಸಿ. ನೆಲದಲ್ಲೇ ಬಿಟ್ಟರೆ ಕತ್ತಲಲ್ಲಿ ಸ್ಕೂಟರ್ ತೆಗೆಯಲು ಬಂದವರು ಅದರ ಮೇಲೇ ಕಾಲಿಡುತ್ತಾರೆ.